ಹಳೇ ಹಂಚಿನ ಮನೆಗೆ ಸೋಲಾರ್: ಪ್ಯಾನೆಲ್ ಎಲ್ಲಿ ಕೂರಿಸಬೇಕು, ಹೇಗೆ ಕೂರಿಸಬೇಕು

ಮಲೆನಾಡಿನಲ್ಲಿ ಸೋಲಾರ್ ಹಾಕಿಸಲು ಹೊರಟವರು ಎಷ್ಟು ಕಿಲೋವ್ಯಾಟ್ ಬೇಕು, ಎಷ್ಟು ಖರ್ಚಾಗುತ್ತದೆ ಎಂದು ಮೊದಲೇ ವಿಚಾರಿಸುತ್ತಾರೆ. ಪ್ಯಾನೆಲ್ ಎಲ್ಲಿ ಕೂರುತ್ತದೆ ಎನ್ನುವ ಮಾತು ಬರುವುದು ಕೆಲಸದವರು ಏಣಿ ಹಚ್ಚಿದ ದಿನ. ಪೇಟೆಯ ಆರ್‌ಸಿಸಿ ಟೆರೇಸಿಗೆ ಅದು ನಡೆಯುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೇ ಹಂಚಿನ ಮನೆಗೆ ನಡೆಯುವುದಿಲ್ಲ. ಇಲ್ಲಿ ಜಾಗ ಮೊದಲು ಗೊತ್ತಾಗಬೇಕು. ಎಷ್ಟು ಪ್ಯಾನೆಲ್, ಯಾವ ಇನ್ವರ್ಟರ್ ಎನ್ನುವುದು ಆಮೇಲೆ ತಾನಾಗಿಯೇ ತೀರ್ಮಾನವಾಗುತ್ತದೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕೊಟ್ಟಿಗೆಗೆ ಗಟ್ಟಿಯಾದ ಮಾಡು (ಚಾವಣಿ) ಇದ್ದರೆ ಅಲ್ಲಿ ಹಾಕಿ. ಅದಿಲ್ಲದಿದ್ದರೆ ನೆಲದಲ್ಲಿ ಕಂಬ ನೆಟ್ಟು ಹಾಕಿ. ಮನೆಯ ಹಂಚಿನ ಮಾಡನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳಿ. ಅದನ್ನೇ ಆರಿಸಬೇಕಾದರೆ ಒಂದು ನಿಯಮವನ್ನು ಮುರಿಯಬೇಡಿ: ಭಾರ ಪಕಾಸಿಗೆ (ನೆತ್ತಿಯಿಂದ ಗೋಡೆಗೆ ಇಳಿಯುವ ಓರೆ ಮರಕ್ಕೆ) ಹೋಗಬೇಕು, ಹಂಚಿಗೂ ಅಲ್ಲ, ರೀಪಿಗೂ (ಹಂಚು ಕೂರುವ ತೆಳು ಅಡ್ಡಪಟ್ಟಿಗೂ) ಅಲ್ಲ.

ಲೆಕ್ಕಕ್ಕೆ ಒಂದು ಸಾಮಾನ್ಯ ಮನೆಯನ್ನು ಹಿಡಿಯೋಣ. 540 ವ್ಯಾಟಿನ 6 ಪ್ಯಾನೆಲ್, ಅಂದರೆ ಸುಮಾರು 3.2 ಕಿಲೋವ್ಯಾಟ್. ಒಂದು ಪ್ಯಾನೆಲ್ ಹೆಚ್ಚುಕಡಿಮೆ 2278 ಮಿ.ಮೀ. ಉದ್ದ, 1134 ಮಿ.ಮೀ. ಅಗಲ, 28 ಕೆ.ಜಿ. ತೂಕ. ಆರೂ ಸೇರಿ 15.5 ಚದರ ಮೀಟರ್ ಜಾಗ ಹಿಡಿಯುತ್ತವೆ. ರೈಲು (ಪ್ಯಾನೆಲ್ ಕೂರುವ ಉದ್ದನೆಯ ಲೋಹದ ಪಟ್ಟಿ), ಕ್ಲಾಂಪು ಎಲ್ಲ ಸೇರಿದರೆ ಚದರ ಮೀಟರಿಗೆ 13ರಿಂದ 15 ಕೆ.ಜಿ. ಭಾರ ಬೀಳುತ್ತದೆ.

ನೆರಳು ನೋಡುವುದು

ಶಿವಮೊಗ್ಗ ಇರುವುದು ಸುಮಾರು 13.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಆಸುಪಾಸಿನಲ್ಲಿ ಸೂರ್ಯ ಮಧ್ಯಾಹ್ನಕ್ಕೂ ದಕ್ಷಿಣದಲ್ಲಿ 53 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ನಮ್ಮ ಕಡೆ ಆ ಮಧ್ಯಾಹ್ನವಾಗುವುದು ಗಡಿಯಾರದ ಹನ್ನೆರಡೂವರೆ ಸುಮಾರಿಗೆ. ಬೆಳಿಗ್ಗೆ ಒಂಬತ್ತೂವರೆಗೆ ಮತ್ತು ಮಧ್ಯಾಹ್ನ ಮೂರೂವರೆಗೆ ಅವನ ಎತ್ತರ 32 ಡಿಗ್ರಿ ಮಾತ್ರ, ದಿಕ್ಕು ಆಗ್ನೇಯ ಮತ್ತು ನೈರುತ್ಯ. ಪ್ಯಾನೆಲಿನ ಕೆಳ ಅಂಚಿಗಿಂತ ಮರ ಎಷ್ಟು ಎತ್ತರವಿದೆಯೋ ಅದರ 1.6 ಪಟ್ಟು ಉದ್ದದ ನೆರಳು ಆ ಹೊತ್ತಿನಲ್ಲಿ ಬೀಳುತ್ತದೆ. ಮಧ್ಯಾಹ್ನಕ್ಕೆ ಅದು ಮುಕ್ಕಾಲು ಪಟ್ಟಿಗೆ ಇಳಿಯುತ್ತದೆ. 50 ಅಡಿಯ ಅಡಿಕೆ ಮರ ಒಂಬತ್ತೂವರೆಗೆ 80 ಅಡಿ ದೂರದವರೆಗೂ, ಮಧ್ಯಾಹ್ನ 38 ಅಡಿಯವರೆಗೂ ನೆರಳು ಚಾಚುತ್ತದೆ. ತೋಟ ಮನೆಗಿಂತ ತಗ್ಗಿನಲ್ಲಿದ್ದರೆ ಆ ತಗ್ಗಿನ ಅಳತೆಯನ್ನು ಮರದ ಎತ್ತರದಿಂದ ಕಳೆಯಿರಿ. ಬಹಳ ಮನೆಗಳಿಗೆ ಇದೇ ಅನುಕೂಲವಾಗಿ ಬರುತ್ತದೆ.

ಅಡಿಕೆ ಮರದ ನೆರಳು ತೆಳ್ಳಗಿರುತ್ತದೆ, ಅದರಿಂದ ಏನಾಗುತ್ತದೆ ಎಂದುಕೊಳ್ಳಬೇಡಿ. ಪ್ಯಾನೆಲಿನೊಳಗಿನ ಸೆಲ್‌ಗಳು ಒಂದರ ಹಿಂದೊಂದು ಜೋಡಣೆಯಾಗಿವೆ. ಒಂದು ಸೆಲ್ ಪೂರ್ತಿ ನೆರಳಿಗೆ ಬಂದರೆ ಆ ಪ್ಯಾನೆಲಿನ ಮೂರನೇ ಒಂದು ಭಾಗವನ್ನು ಬೈಪಾಸ್ ಡಯೋಡ್ ಬದಿಗೆ ಸರಿಸಿಬಿಡುತ್ತದೆ. ಅಷ್ಟಕ್ಕೆ ಒಂದು ಸೋಗೆಯ ನೆರಳು ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ಮೋಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಹಾಗಾಗಿ ಇಲ್ಲಿ ಕರೆಂಟು ಹುಟ್ಟುವುದು ಅಕ್ಟೋಬರ್‌ನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ಹೆಚ್ಚಿನ ದಿನ ಸೂರ್ಯ ದಕ್ಷಿಣದಲ್ಲಿರುತ್ತಾನೆ. ಆದ್ದರಿಂದ ದಕ್ಷಿಣಕ್ಕೆ 15ರಿಂದ 18 ಡಿಗ್ರಿ ಇಳಿಜಾರು ಸರಿಯಾಗುತ್ತದೆ. 10 ಡಿಗ್ರಿಗಿಂತ ಕಡಿಮೆ ಮಾಡಿದರೆ ಕೆಳ ಅಂಚಿನ ಫ್ರೇಮಿನ ಬಳಿ ನೀರು ನಿಂತು ಅಲ್ಲಿಂದ ಪಾಚಿ ಹತ್ತುತ್ತದೆ.

ಪೂರ್ವಕ್ಕೆ ಮುಖ ಮಾಡಿದ ಮನೆಯಾದರೆ ಮಾಡಿನ ದೊಡ್ಡ ಇಳಿಜಾರುಗಳು ಪೂರ್ವಕ್ಕೂ ಪಶ್ಚಿಮಕ್ಕೂ ಇರುತ್ತವೆ. 30 ಡಿಗ್ರಿ ಇಳಿಜಾರಿನ ಪೂರ್ವ ಅಥವಾ ಪಶ್ಚಿಮ ಮೈಯಲ್ಲಿ ಮಾಡಿಗೆ ಸಮನಾಗಿ ಹಾಕಿದರೆ ದಕ್ಷಿಣಕ್ಕಿಂತ ಶೇಕಡಾ ಹತ್ತರ ಆಸುಪಾಸು ಕಡಿಮೆ ಬರುತ್ತದೆ. ಅದು ಸಹಿಸಬಹುದಾದ ನಷ್ಟ. ಆ ಹತ್ತನ್ನು ಉಳಿಸಲು ಪೂರ್ವದ ಇಳಿಜಾರಿನ ಮೇಲೆ ಕಾಲು ಕೊಟ್ಟು ಪ್ಯಾನೆಲನ್ನು ದಕ್ಷಿಣಕ್ಕೆ ಎತ್ತಿ ನಿಲ್ಲಿಸಬೇಡಿ. ಅದು ಗಾಳಿಗೆ ಹಿಡಿದ ಮೊರದಂತಾಗುತ್ತದೆ. ಉತ್ತರದ ಇಳಿಜಾರಿನಲ್ಲಂತೂ ಐದರಲ್ಲಿ ಒಂದು ಪಾಲಿಗೂ ಹೆಚ್ಚು ಕಳೆದುಹೋಗುತ್ತದೆ, ಬೇಡ. ಪೂರ್ವವೋ ಪಶ್ಚಿಮವೋ ಎಂಬ ಪ್ರಶ್ನೆ ಬಂದರೆ ನಿಮ್ಮ ಊರಿನ ಮಂಜನ್ನು ನೋಡಿ ಹೇಳಬೇಕು. ಚಳಿಗಾಲದಲ್ಲಿ ಹೊತ್ತೇರುವವರೆಗೂ ಮಂಜು ಕವಿದಿರುವ ಕಣಿವೆಯಾದರೆ ಪಶ್ಚಿಮ ವಾಸಿ.

ಗಾಳಿಯ ಲೆಕ್ಕ

ಭಾರದ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಗಾಳಿ ಮೇಲಕ್ಕೆತ್ತುವುದರ ಬಗ್ಗೆ ಯೋಚಿಸುವವರು ಕಡಿಮೆ. ಕಟ್ಟಡಗಳ ಭಾರದ ಭಾರತೀಯ ಮಾನದಂಡವಾದ ಐಎಸ್ 875ರ ಮೂರನೇ ಭಾಗದ ಗಾಳಿ ನಕ್ಷೆಯಲ್ಲಿ ಒಳನಾಡು ಕರ್ನಾಟಕದ ಬಹುಪಾಲು ಸೆಕೆಂಡಿಗೆ 33 ಮೀಟರ್ ವೇಗದ ವಲಯದಲ್ಲಿದೆ, ಕರಾವಳಿ 39 ಮೀಟರ್ ವಲಯದಲ್ಲಿದೆ. 33 ಮೀಟರ್ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 66 ಕೆ.ಜಿ., 39ಕ್ಕೆ 93 ಕೆ.ಜಿ. ಆರು ಪ್ಯಾನೆಲಿಗೆ ಗುಣಿಸಿ ನೋಡಿ: 1020 ಕೆ.ಜಿ.ಯಿಂದ 1440 ಕೆ.ಜಿ. ಎತ್ತುವ ಬಲ. ಪ್ಯಾನೆಲುಗಳ ಸ್ವಂತ ತೂಕ 170 ಕೆ.ಜಿ. ಮಾತ್ರ. ಉಳಿದದ್ದನ್ನೆಲ್ಲ ಬೋಲ್ಟು, ಮರ, ಕಾಂಕ್ರೀಟು ಹಿಡಿದುಕೊಳ್ಳಬೇಕು. ಘಟ್ಟದ ಅಂಚಿನವರು, ಗುಡ್ಡದ ನೆತ್ತಿಯಲ್ಲಿ ಮನೆ ಇರುವವರು, ಹಿನ್ನೀರಿಗೆ ಮುಖ ಮಾಡಿದವರು 39ನ್ನೇ ಹಿಡಿದು ಲೆಕ್ಕ ಹಾಕಿ.

ಕೊಟ್ಟಿಗೆಯ ಮೇಲೆ

ಕಬ್ಬಿಣದ ಪೈಪಿನ ಟ್ರಸ್, ಮೇಲೆ ಕಲರ್ ಶೀಟ್ ಇರುವ ಕೊಟ್ಟಿಗೆಯೋ ಅಡಿಕೆ ಸುಲಿಯುವ ಶೆಡ್ಡೋ ಇದ್ದರೆ ಅರ್ಧ ಕೆಲಸ ಮುಗಿದಂತೆ. ನೋಡಬೇಕಾದದ್ದು ಮೂರು ಸಂಗತಿ. ಕಂಬಗಳು ಕಾಂಕ್ರೀಟಿಗೆ ಬೋಲ್ಟಾಗಿವೆಯೇ, ಸುಮ್ಮನೆ ಮಣ್ಣಿನಲ್ಲಿ ಹುಗಿದಿದ್ದಾರೆಯೇ? ಶೀಟಿನ ಕೆಳಗಿನ ಅಡ್ಡ ಪೈಪುಗಳ ನಡುವಿನ ಅಂತರ ನಾಲ್ಕೂವರೆ ಅಡಿಯೊಳಗೆ ಇದೆಯೇ? ಪೈಪಿನ ಬುಡ, ವೆಲ್ಡಿಂಗ್ ಜಾಗ ತುಕ್ಕು ತಿಂದಿದೆಯೇ? ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದರೆ ಗಟ್ಟಿ ಪೈಪು ಕಂಚಿನ ದನಿ ಕೊಡುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡಿ ಹೊಪ್ಪಳೆ ಉದುರಿಸುತ್ತದೆ.

ರೈಲಿನ ಕಾಲುಗಳನ್ನು ಶೀಟಿನ ಏರುಪಟ್ಟೆಯ ಮೇಲೆಯೇ ಕೂರಿಸಿ, ಸ್ಕ್ರೂ ಶೀಟನ್ನು ದಾಟಿ ಅಡ್ಡ ಪೈಪಿಗೆ ಹೊಗಬೇಕು. ತಗ್ಗುಪಟ್ಟೆಯಲ್ಲಿ ತೂತು ಹಾಕಿದರೆ ಇಡೀ ಮಾಡಿನ ನೀರು ಆ ತೂತಿನ ಮೇಲೇ ಹರಿಯುತ್ತದೆ. ಸ್ಕ್ರೂಗೆ ಇಪಿಡಿಎಂ ರಬ್ಬರಿನ ವಾಷರ್ ಇರಲಿ. ಸಾದಾ ರಬ್ಬರು ಬಿಸಿಲಿಗೆ ಬಿರಿಯುತ್ತದೆ. ಶೀಟಿಗೆ ಮಾತ್ರ ಕಚ್ಚಿದ ಸ್ಕ್ರೂ ಮೊದಲ ಗಾಳಿಮಳೆಗೆ ಕಿತ್ತು ಬರುತ್ತದೆ.

ದನ ಕಟ್ಟುವ ಕೊಟ್ಟಿಗೆಗೆ ಇನ್ನೊಂದು ಎಚ್ಚರ. ಗಂಜಲದಿಂದ ಏಳುವ ಅಮೋನಿಯ ಪ್ಯಾನೆಲಿನ ಹಿಂಬದಿಯ ಜೋಡಣೆಗಳನ್ನು ನಿಧಾನಕ್ಕೆ ತಿನ್ನುತ್ತದೆ. ಐಇಸಿ 62716 (ಅಮೋನಿಯ ತಾಳಿಕೆ) ಪರೀಕ್ಷೆ ಆಗಿದೆ ಎಂದು ಬರೆದಿರುವ ಪ್ಯಾನೆಲನ್ನೇ ಕೇಳಿ ತರಿಸಿ, ಕೊಟ್ಟಿಗೆಯ ಪಕ್ಕಗಳನ್ನು ಗಾಳಿಯಾಡಲು ಬಿಡಿ, ಇನ್ವರ್ಟರನ್ನು ಕೊಟ್ಟಿಗೆಯೊಳಗೆ ಇಡಬೇಡಿ. ಸಿಮೆಂಟ್ ಶೀಟಿನ ಕೊಟ್ಟಿಗೆಯಾದರೆ ಆ ಮಾಡನ್ನು ಬಿಟ್ಟುಬಿಡಿ. ಅದರ ಮೇಲೆ ಕಾಲಿಟ್ಟವರು ಕೆಳಗೆ ಬೀಳುತ್ತಾರೆ. ಹಳೇ ಶೀಟಿನಲ್ಲಿ ಆಸ್‌ಬೆಸ್ಟಾಸ್ ಇರುವುದರಿಂದ ಕೊರೆದ ಪುಡಿ ಶ್ವಾಸಕೋಶಕ್ಕೂ ಕೆಟ್ಟದ್ದು.

ನೆಲದಲ್ಲಿ ಕಂಬ ನೆಟ್ಟು

ಖರ್ಚು ಒಂದಿಷ್ಟು ಹೆಚ್ಚು, ಆದರೆ ಮನೆಗೆ ಒಂದು ತೂತೂ ಇಲ್ಲ. ಒರೆಸಲು, ರಿಪೇರಿ ಮಾಡಲು ಮಾಡು ಹತ್ತಬೇಕಿಲ್ಲ. ಮಳೆಗಾಲದ ಪಾಚಿ ಹಿಡಿದ ಹಂಚಿನ ಮೇಲೆ ನಡೆಯುವ ಪ್ರಸಂಗವೇ ಬರುವುದಿಲ್ಲ. ಈ ಒಂದು ಕಾರಣಕ್ಕೇ ನಾವು ಇದನ್ನು ಮಾಡಿಗಿಂತ ಮೇಲಿಡುತ್ತೇವೆ.

ಜಾಗ ಆರಿಸುವಾಗ ಅಡಿಕೆ ಅಂಗಳವನ್ನು ನೆನಪಿಡಿ. ಕೊಯ್ಲು, ಬೇಯಿಸುವುದು, ಒಣಗಿಸುವುದು ನಡೆಯುವ ತಿಂಗಳುಗಳಲ್ಲಿ ನೆರಳು ಉತ್ತರಕ್ಕೆ ಬೀಳುತ್ತದೆ. ಸ್ಟ್ಯಾಂಡನ್ನು ಅಂಗಳದ ಉತ್ತರದ ಅಂಚಿನಲ್ಲಿ ನಿಲ್ಲಿಸಿದರೆ ಅದರ ನೆರಳು ಅಂಗಳದಾಚೆ ಹೋಗುತ್ತದೆ, ಅದರ ಎದುರಿನ ಬಯಲು ಅಂಗಳವೇ ಆಗುವುದರಿಂದ ಬಿಸಿಲಿಗೂ ತಡೆಯಿಲ್ಲ. ದಕ್ಷಿಣದ ಅಂಚಿನಲ್ಲಿ ನಿಲ್ಲಿಸಿದರೆ ಅಡಿಕೆಯ ಒಂದು ಸಾಲು ದಿನವಿಡೀ ಒಣಗುವುದಿಲ್ಲ. ಧರೆಯ (ಕಡಿದಾದ ಮಣ್ಣಿನ ದಿಬ್ಬದ) ತುದಿಯಲ್ಲೂ ಬುಡದಲ್ಲೂ ಬೇಡ; ಒಂದು ಜಡಿಮಳೆಗೆ ಕುಸಿಯುವುದು ಧರೆಯೇ. ಇತ್ತೀಚೆಗೆ ಮಣ್ಣು ತುಂಬಿ ಸಮ ಮಾಡಿದ ಜಾಗ, ತೆಂಗಿನ ಮರದ ಕೆಳಗೆ, ಇವೂ ಬೇಡ.

ಇನ್ನೊಂದು ಶತ್ರು ಬೋರ್ಡೋ, ಅಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣ. ಕೊಳೆ ಔಷಧಿ ಹೊಡೆಯುವಾಗ ಗಾಳಿಯಲ್ಲಿ ತೇಲಿ ಬಂದ ಹನಿಗಳು ಗಾಜಿನ ಮೇಲೆ ಸುಣ್ಣದ ಪೊರೆ ಕಟ್ಟುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ ಅದರಲ್ಲಿರುವ ತಾಮ್ರ. ಮೈಲುತುತ್ತದ ತಾಮ್ರ ಅಲ್ಯೂಮಿನಿಯಂ ಫ್ರೇಮನ್ನೂ ಕಂಬದ ಸತುವಿನ ಲೇಪವನ್ನೂ ತಿನ್ನುತ್ತದೆ. ತೋಟದ ಅಂಚಿನಿಂದ ಸಾಧ್ಯವಾದಷ್ಟು ದೂರ ಇಡಿ. ಆಗದಿದ್ದರೆ ಔಷಧಿ ಹೊಡೆಯುವ ದಿನ ಟಾರ್ಪಾಲು ಹೊದಿಸಿ, ಹನಿ ಬಿದ್ದಿದ್ದರೆ ಒಣಗುವ ಮೊದಲು ನೀರು ಹಾಯಿಸಿ.

ಮೂರು ಪ್ಯಾನೆಲ್ ಅಗಲ, ಎರಡು ಸಾಲು ಎತ್ತರ ಎಂದು ಹಿಡಿದರೆ ಅಗಲ ಮೂರೂವರೆ ಮೀಟರ್, ಇಳಿಜಾರಿನ ಉದ್ದ 4.6 ಮೀಟರ್. 15 ಡಿಗ್ರಿಗೆ ಹಿಂದಿನ ಅಂಚು ಮುಂದಿನದಕ್ಕಿಂತ 4 ಅಡಿ ಎತ್ತರ ಬರುತ್ತದೆ. ಮುಂದೆ 3 ಅಡಿ ಬಿಟ್ಟರೆ ಹಿಂದೆ 7 ಅಡಿ. ದನ ಓಡಾಡುವ ಜಾಗವಾದರೆ ಬೇಲಿ ಹಾಕಿ. ದನಕ್ಕಾಗಿ ಸ್ಟ್ಯಾಂಡ್ ಎತ್ತರಿಸಿದರೆ ಗಾಳಿಯ ಹೊಡೆತವೂ ಕಬ್ಬಿಣದ ಖರ್ಚೂ ಒಟ್ಟಿಗೆ ಏರುತ್ತವೆ.

ಗುಂಡಿ ಒಂದೂವರೆ ಅಡಿ ಚೌಕ, ಎರಡೂವರೆ ಅಡಿ ಆಳ. ಒಂದು ಗುಂಡಿಯ ಕಾಂಕ್ರೀಟು 380 ಕೆ.ಜಿ. ತೂಗುತ್ತದೆ. ಅದರ ಮೇಲೆ ನೆಲಮಟ್ಟದಿಂದ ಒಂದಡಿ ಎತ್ತರಕ್ಕೆ ಒಂದಡಿ ಚೌಕದ ಪೆಡಸ್ಟಲ್ ಎಬ್ಬಿಸಿದರೆ ಒಟ್ಟು ಸುಮಾರು 450 ಕೆ.ಜಿ. ನಾಲ್ಕು ಕಂಬಕ್ಕೆ 1800 ಕೆ.ಜಿ. ಆಗುತ್ತದೆ, 33 ಮೀಟರ್ ವಲಯಕ್ಕೆ ಸಾಕು. 39ರ ಲೆಕ್ಕದವರು ಆರು ಕಂಬ ಹಾಕಿ. 1:1.5:3ರ ಮಿಶ್ರಣಕ್ಕೆ ನಾಲ್ಕು ಗುಂಡಿಗೆ 6 ಚೀಲ, ಆರು ಗುಂಡಿಗೆ 9 ಚೀಲ ಸಿಮೆಂಟು ಬೇಕು. ಪ್ರತಿ ಪೆಡಸ್ಟಲ್‌ಗೆ 16 ಮಿ.ಮೀ. ಜೆ ಬೋಲ್ಟ್ ನಾಲ್ಕನ್ನು ಕಾಂಕ್ರೀಟು ಹಸಿಯಿದ್ದಾಗಲೇ ಹಲಗೆಯ ಅಚ್ಚಿನಲ್ಲಿ ಕಟ್ಟಿ ಇಳಿಬಿಡಿ. ಗಟ್ಟಿಯಾದ ಮೇಲೆ ಕೊರೆದು ಕೂರಿಸಿದ ಬೋಲ್ಟು ಅಷ್ಟು ಹಿಡಿಯುವುದಿಲ್ಲ. ಪೆಡಸ್ಟಲಿನ ತಲೆಯನ್ನು ನಾಲ್ಕೂ ಕಡೆ ಇಳಿಜಾರು ಮಾಡಿ. ಚಪ್ಪಟೆ ಬಿಟ್ಟರೆ ಬೇಸ್ ಪ್ಲೇಟಿನ ಸುತ್ತ ನೀರು ನಿಂತು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಹತ್ತು ದಿನ ನೀರು ಹಾಕಿ ಆಮೇಲೆ ಕಂಬ ನಿಲ್ಲಿಸಿ.

ಕಂಬಕ್ಕೆ ಮೂರು ಇಂಚು ಚೌಕದ, 3 ಮಿ.ಮೀ. ದಪ್ಪದ ಪೈಪು, ಅಡ್ಡಕ್ಕೆ 2.5 ಮಿ.ಮೀ. ಸಿ ಚಾನೆಲ್. ಎಲ್ಲವೂ ಬಿಸಿ ಸತುವಿನಲ್ಲಿ ಅದ್ದಿದ್ದಿರಬೇಕು, ಲೇಪ 80 ಮೈಕ್ರಾನ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೊರೆಯುವುದು, ವೆಲ್ಡ್ ಮಾಡುವುದು ಎಲ್ಲ ಅದ್ದುವ ಮೊದಲೇ ಮುಗಿಯಬೇಕು. ಸ್ಥಳದಲ್ಲಿ ವೆಲ್ಡ್ ಮಾಡಿ ಸಿಲ್ವರ್ ಪೇಂಟ್ ಬಳಿದ ಕೀಲು ನಮ್ಮ ಮಳೆಗೆ ಎರಡು ಮೂರು ವರ್ಷದಲ್ಲಿ ಕೆಂಪಾಗುತ್ತದೆ. ತಪ್ಪಿಸಲಾಗದ ಕಡೆ ಕೊರೆದ ಬಾಯಿಗೆ ಜಿಂಕ್ ರಿಚ್ ಪೇಂಟ್ ಎರಡು ಕೋಟು ಹಚ್ಚಿ.

ಹಂಚಿನ ಮಾಡಿನ ಮೇಲೆಯೇ ಆಗಬೇಕಾದರೆ

ಕೊಟ್ಟಿಗೆಯೂ ಇಲ್ಲ, ಅಂಗಳದ ಸುತ್ತ ಕಾನು (ದಟ್ಟ ಕಾಡು), ಬಿಸಿಲು ಬೀಳುವುದು ಮಾಡಿನ ಮೇಲೆ ಮಾತ್ರ. ಇಂಥ ಮನೆಗಳೂ ಬಹಳ ಇವೆ. ಆಗ ಮೊದಲು ಅಟ್ಟ ಹತ್ತಿ, ಮಾಡನ್ನಲ್ಲ. ಟಾರ್ಚು, ದಪ್ಪ ಸ್ಕ್ರೂ ಡ್ರೈವರ್, ಸೀಮೆಸುಣ್ಣ ತೆಗೆದುಕೊಂಡು ಒಂದೊಂದು ಪಕಾಸಿಯನ್ನೂ ಮೂರು ಕಡೆ ಚುಚ್ಚಿ ನೋಡಿ: ಗೋಡೆಯ ಮೇಲೆ ಕೂರುವಲ್ಲಿ, ನಡುವೆ, ನೆತ್ತಿಯಲ್ಲಿ. ಸ್ಕ್ರೂ ಡ್ರೈವರ್ ಕಾಲಿಂಚಿಗಿಂತ ಹೆಚ್ಚು ಇಳಿದರೆ ಆ ಪಕಾಸಿಗೆ ಸುಣ್ಣದ ಗುರುತು ಹಾಕಿ. ಗೋಡೆಯ ಮೇಲಿನ ತುದಿ ಮೊದಲು ಕೆಡುತ್ತದೆ, ಏಕೆಂದರೆ ಸೂರಿನ ಎರಚಲೂ ಗೆದ್ದಲೂ ಸೇರುವುದು ಅಲ್ಲೇ. ಅಡುಗೆಮನೆ, ಬಚ್ಚಲ ಮೇಲಿನ ಮರ ಹೊಗೆ ಕುಡಿದು ಗಟ್ಟಿಯಾಗಿರುತ್ತದೆ. ಆದರೆ ಆ ಭಾಗದ ಮೇಲೆ ಪ್ಯಾನೆಲ್ ಹಾಕಬೇಡಿ. ಹಂಡೆ ಒಲೆಯ ಹೊಗೆ ಹಂಚಿನ ಸಂದಿಯಿಂದ ಬಂದು ಗಾಜಿಗೆ ಜಿಡ್ಡು ಮಸಿ ಹಚ್ಚುತ್ತದೆ, ಮಳೆಯೂ ಅದನ್ನು ತೊಳೆಯುವುದಿಲ್ಲ. ಗಾಜಿನ ಹಂಚು ಎಲ್ಲೆಲ್ಲಿದೆ ಎಂದೂ ಗುರುತಿಸಿಕೊಳ್ಳಿ. ಅದರ ಮೇಲೆ ಪ್ಯಾನೆಲ್ ಬಂದರೆ ಕೆಳಗಿನ ಕೋಣೆ ಕತ್ತಲಾಗುತ್ತದೆ.

ಮಂಗಳೂರು ಹಂಚು ಒಂದು ಸುಮಾರು ಎರಡೂವರೆ ಕೆ.ಜಿ., ಚದರ ಮೀಟರಿಗೆ 15, 16 ಹಂಚು. ಅಂದರೆ ಮಾಡು ಈಗಾಗಲೇ ಚದರ ಮೀಟರಿಗೆ 40 ಕೆ.ಜಿ. ಹೊತ್ತಿದೆ, ಮಳೆಗಾಲದಲ್ಲಿ ನೀರು ಹೀರಿ ಇನ್ನಷ್ಟು. ಅದರ ಮೇಲೆ 15 ಕೆ.ಜಿ. ಎಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಹೊರೆ. ಪಕಾಸಿಗಳು ಎರಡಡಿಗಿಂತ ದೂರ ದೂರ ಇದ್ದರೆ, ಈಗಾಗಲೇ ನಡು ಬಾಗಿದ್ದರೆ, ಇಲ್ಲವೇ ಮಾಡಿಗೆ ನಾಡಹಂಚು ಹೊದಿಸಿದ್ದರೆ ಹುಕ್ ವಿಧಾನ ಆಗುವುದಿಲ್ಲ. ಮುಂದೆ ಹೇಳುವ ಶೀಟಿನ ದಾರಿ ಹಿಡಿಯಿರಿ.

ಮರ ಗಟ್ಟಿಯಿದ್ದರೆ ಹುಕ್. ಎಸ್‌ಎಸ್ 304 ಸ್ಟೀಲಿನ, 30 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಪಟ್ಟಿಯನ್ನು ಬಾಗಿಸಿದ ಹುಕ್. ಅದರ ಬುಡ ಪಕಾಸಿಗೆ ಸ್ಕ್ರೂ ಆಗಿ, ಕುತ್ತಿಗೆ ಎರಡು ಹಂಚಿನ ಸಂದಿಯಿಂದ ಹೊರಗೆ ಬಂದು, ತಲೆ ರೈಲನ್ನು ಹಿಡಿಯುತ್ತದೆ. ಆರು ಪ್ಯಾನೆಲನ್ನು ಒಂದೇ ಸಾಲಿನಲ್ಲಿ ಉದ್ದುದ್ದ ನಿಲ್ಲಿಸಿದರೆ ಸಾಲಿನ ಅಗಲ 7 ಮೀಟರ್. ಎರಡು ರೈಲು, ಪ್ರತಿ ರೈಲಿಗೆ 7 ಹುಕ್, ಒಟ್ಟು 14. ಎರಡು ಹುಕ್ಕಿನ ನಡುವೆ ನಾಲ್ಕು ಅಡಿಗಿಂತ ಹೆಚ್ಚು ಬಿಡಬೇಡಿ. 33 ಮೀಟರ್ ಗಾಳಿಗೆ ಒಂದೊಂದು ಹುಕ್ಕಿನ ಪಾಲಿಗೆ 73 ಕೆ.ಜಿ. ಎಳೆತ ಬರುತ್ತದೆ. ಗಟ್ಟಿ ಮರದಲ್ಲಿ ಅದು ಏನೂ ಅಲ್ಲ, ಟೊಳ್ಳು ಮರದಲ್ಲಿ ಅದೇ ಕಿತ್ತು ಬರುತ್ತದೆ.

ಹುಕ್ ಕೂರಿಸುವ ಜಾಗದ ಸುತ್ತ ಆರೆಂಟು ಹಂಚು ತೆಗೆಯಿರಿ. ಹಂಚಿನ ಮೇಲೆ ನಡೆಯುವಾಗ ಎರಡು ಹಂಚು ಒಂದರ ಮೇಲೊಂದು ಬರುವ ಕಡೆ, ಕೆಳಗೆ ರೀಪು ಇರುವಲ್ಲಿ ಮಾತ್ರ ಪಾದ ಊರಬೇಕು; ನಡುವೆ ಊರಿದರೆ ಮುರಿಯುತ್ತದೆ. ನೆತ್ತಿಯಾಚೆಯ ಗಟ್ಟಿ ಮರಕ್ಕೆ ಹಗ್ಗ ಕಟ್ಟಿಕೊಂಡೇ ಹತ್ತಿ.

ಹುಕ್ಕಿನ ಕುತ್ತಿಗೆ ಹಂಚಿನ ತಗ್ಗುಪಟ್ಟೆಯಲ್ಲಿ ಹಾಯಬೇಕು, ಪಕ್ಕದ ಹಂಚಿನೊಂದಿಗೆ ಕೂಡುವ ಕೊಂಡಿಯ ಮೇಲೆ ಅಲ್ಲ. ಪಕಾಸಿ ಆ ನೇರಕ್ಕೆ ಸಿಗದಿದ್ದರೆ ಎರಡು ಪಕಾಸಿಗಳ ನಡುವೆ 2×4 ಇಂಚಿನ ಗಟ್ಟಿ ಮರದ ಅಡ್ಡತುಂಡು ಕೂರಿಸಿ, ಎರಡೂ ಕಡೆ ಎಲ್ ಕ್ಲಾಂಪು ಹೊಡೆದು, ಹುಕ್ಕನ್ನು ಅದಕ್ಕೆ ಬಿಗಿಯಿರಿ. ರೀಪು ಹತ್ತಿರದಲ್ಲಿದೆ ಎಂದು ಅದಕ್ಕೆ ಹೊಡೆಯುವ ಕೆಲಸಗಾರರಿದ್ದಾರೆ, ಒಪ್ಪಬೇಡಿ. ಒಂದಿಂಚಿನ ರೀಪಿನಲ್ಲಿ ಸ್ಕ್ರೂ ಹಿಡಿಯಲು ಮರವೇ ಇಲ್ಲ.

ಪ್ರತಿ ಹುಕ್ಕಿಗೆ 8×80 ಮಿ.ಮೀ. ಕೋಚ್ ಸ್ಕ್ರೂ ಎರಡು. ಮೊದಲು 5.5 ಮಿ.ಮೀ. ಬಿಟ್‌ನಲ್ಲಿ ತೂತು ಕೊರೆಯಿರಿ. ಹಳೇ ಹೊನ್ನೆ, ಮತ್ತಿ ಮರಕ್ಕೆ ತೂತಿಲ್ಲದೆ ಸ್ಕ್ರೂ ತಿರುಗಿಸಿದರೆ ಪಕಾಸಿ ಉದ್ದಕ್ಕೆ ಸೀಳುತ್ತದೆ, ಸ್ಕ್ರೂವಿನ ತಲೆಯೂ ಮುರಿಯಬಹುದು. ಸ್ಕ್ರೂಗೆ ಸ್ವಲ್ಪ ಮೇಣ ಸವರಿ.

ಹುಕ್ ಬಿಗಿದ ಮೇಲೆ ಅದರ ಕುತ್ತಿಗೆಗೂ ಕೆಳಗಿನ ಹಂಚಿಗೂ ನಡುವೆ ಪೆನ್ಸಿಲ್ ತೂರುವಷ್ಟು ಸಂದು ಇರಲೇಬೇಕು. ಹುಕ್ ಹಂಚಿಗೆ ತಾಗಿ ಕೂತರೆ ಪ್ಯಾನೆಲಿನ ಭಾರಕ್ಕೆ ಬಗ್ಗಿ ಹಂಚನ್ನು ಒತ್ತುತ್ತದೆ. ಬಿರುಕು ಹುಕ್ಕಿನ ಅಡಿಯಲ್ಲೇ ಬಿಡುವುದರಿಂದ ಸೋರುವವರೆಗೂ ಕಾಣುವುದಿಲ್ಲ. ಸಂದು ಸಾಲದಿದ್ದರೆ ಬುಡದ ಕೆಳಗೆ ಗಟ್ಟಿ ಮರದ ಬಿಲ್ಲೆ ಕೊಡಿ. ಮೇಲಿನ ಹಂಚಿನ ಕೆಳತುಟಿಯ ಒಳಮೈಯನ್ನು ಗ್ರೈಂಡರಿನಿಂದ ಹುಕ್ಕಿನ ಅಗಲಕ್ಕಿಂತ ಸ್ವಲ್ಪ ಹೆಚ್ಚು ಕೆತ್ತಿ, ಆಗ ಹಂಚು ಎದ್ದು ನಿಲ್ಲದೆ ತನ್ನ ಜಾಗದಲ್ಲಿ ಕೂರುತ್ತದೆ. ಸಂದಿಗೆ ಸಿಮೆಂಟು ಮೆತ್ತಬೇಡಿ. ಹಂಚು ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ಸಿಮೆಂಟು ಬಿಟ್ಟುಕೊಂಡು, ಆ ಬಿರುಕು ನೀರನ್ನು ಒಳಗೇ ಎಳೆಯುತ್ತದೆ.

ಒಂದೊಂದು ಹುಕ್ ಮುಗಿದಂತೆ ಎರಡಡಿ ಮೇಲಿನಿಂದ ಒಂದು ಕೊಡ ನೀರು ನಿಧಾನಕ್ಕೆ ಸುರಿಯಿರಿ. ಇನ್ನೊಬ್ಬರು ಅಟ್ಟದಲ್ಲಿ ಟಾರ್ಚು ಹಿಡಿದು ಪಕಾಸಿಯ ಮೈ ನೋಡುತ್ತಿರಲಿ. ಹದಿನಾಲ್ಕನ್ನೂ ಹೀಗೆ ನೋಡಿದ ಮೇಲೆಯೇ ರೈಲು. ಪ್ಯಾನೆಲ್ ಕೂತ ಮೇಲೆ ಸೋರುವ ಹುಕ್ ಯಾವುದೆಂದು ಹುಡುಕುವುದು ಎಲ್ಲವನ್ನೂ ಬಿಚ್ಚಿದಂತೆಯೇ.

ರೈಲಿನ ಅಡಿಗೂ ಹಂಚಿಗೂ ನಡುವೆ ನಾಲ್ಕರಿಂದ ಐದಿಂಚು ಬಿಡಿ. ಕಡಿಮೆಯಾದರೆ ದರಕು (ಉದುರಿದ ಒಣ ಎಲೆ) ಸಿಕ್ಕಿಕೊಂಡು ನೀರು ಕಟ್ಟುತ್ತದೆ, ಹೆಚ್ಚಾದರೆ ಗಾಳಿ ಹೊಗುತ್ತದೆ. ಸೂರಿನಿಂದಲೂ ನೆತ್ತಿಯಿಂದಲೂ ಒಂದೂವರೆ ಅಡಿ ಒಳಗೆ ಇರಲಿ, ಗಾಳಿಯ ಎಳೆತ ಅಂಚುಗಳಲ್ಲೇ ಜೋರು. ಕ್ಲಾಂಪು ಪ್ಯಾನೆಲಿನ ಉದ್ದದ ಅಂಚಿನಲ್ಲಿ, ತುದಿಯಿಂದ ಕಾಲುಭಾಗದ ಆಸುಪಾಸಿನಲ್ಲಿ ಬರಬೇಕು. ತಯಾರಕರ ಕಾಗದದಲ್ಲಿ ಆ ಜಾಗದ ಚಿತ್ರ ಇರುತ್ತದೆ, ಅದನ್ನೇ ಅನುಸರಿಸಿ.

ಹಂಚು ತೆಗೆದು ಶೀಟು

ಪಕಾಸಿ ಹಳೆಯದು, ಭಾರ ಹೆಚ್ಚಿಸುವ ಧೈರ್ಯವಿಲ್ಲ ಎನ್ನುವವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಪ್ಯಾನೆಲ್ ಬರುವ ಸುಮಾರು 16 ಚದರ ಮೀಟರಿನಲ್ಲಿ ಹಂಚು ಪೂರ್ತಿ ತೆಗೆದರೆ 640 ಕೆ.ಜಿ. ಇಳಿಯುತ್ತದೆ. ಅಲ್ಲಿ ಕಲರ್ ಶೀಟು, ರೈಲು, ಪ್ಯಾನೆಲ್ ಎಲ್ಲ ಹಾಕಿದರೂ 340 ಕೆ.ಜಿ. ಮಾತ್ರ. ಪಕಾಸಿಗೆ 300 ಕೆ.ಜಿ. ಹಗುರ.

ಶೀಟಿನ ಮೇಲಂಚು ಮೇಲಿನ ಸಾಲು ಹಂಚಿನ ಅಡಿಗೆ ಒಂದಡಿ ಹೊಗಬೇಕು. ಪಕ್ಕದ ಅಂಚುಗಳನ್ನು ಒಂದಿಂಚು ಮೇಲಕ್ಕೆ ಮಡಚಿ ಪಕ್ಕದ ಹಂಚಿನ ಕೆಳಗೆ ತೂರಿಸಬೇಕು. ಕೆಳಗಿನ ಅಂಚು ಹಂಚಿನ ಮೇಲೆ ಆರಿಂಚು ಇಳಿಯಬೇಕು. ರೈಲಿನ ಸ್ಕ್ರೂ ಏರುಪಟ್ಟೆಯಿಂದ ಪಕಾಸಿಗೇ ಇಳಿಯಲಿ.

ಇಲ್ಲಿ ಎಲ್ಲರೂ ಮರೆಯುವ ಒಂದು ವಿಷಯವಿದೆ. ಇಷ್ಟು ವರ್ಷ ಗಾಳಿಗೆ ಮಾಡು ಏಳದಂತೆ ಒತ್ತಿ ಹಿಡಿದದ್ದು ಹಂಚಿನ ತೂಕವೇ. ಅದನ್ನು ಇಳಿಸಿದ ಮೇಲೆ ಪಕಾಸಿಗಳನ್ನು ಗೋಡೆಗೆ ಕಟ್ಟಬೇಕು. ಆ ಭಾಗದ ಪ್ರತಿ ಪಕಾಸಿಯನ್ನೂ ಗೋಡೆಯ ಮೇಲಿನ ತೊಲೆಗೆ ಜಿಐ ಪಟ್ಟಿಯಿಂದ ಬಿಗಿದು, ತೊಲೆಯನ್ನು ಗೋಡೆಗೆ ಎರಡು ಮೂರು ಕಡೆ ಲಂಗರು ಹಾಕಿ. ಮಣ್ಣಿನ ಗೋಡೆಯಾದರೆ ಪಟ್ಟಿಯನ್ನು ಗೋಡೆಯ ಒಳಮೈ ಮೇಲೆ ಮೂರಡಿ ಇಳಿಸಿ, ಆರಪಾರ ಬೋಲ್ಟು ಹಾಕಿ, ಎರಡೂ ಕಡೆ ಪ್ಲೇಟು ಕೊಡಿ.

ತಂತಿ, ಅರ್ತಿಂಗ್

ಜಾಗ ಆರಿಸುವಾಗಲೇ ತಂತಿಯ ದೂರವನ್ನೂ ನೋಡಬೇಕು. 4 ಚದರ ಮಿ.ಮೀ. ಸೋಲಾರ್ ಕೇಬಲ್ಲಿನಲ್ಲಿ ಸ್ಟ್ಯಾಂಡಿನಿಂದ ಮನೆಗೆ 40 ಮೀಟರ್ ಇದ್ದರೆ, ಆರು ಪ್ಯಾನೆಲ್ ಸರಣಿಯಲ್ಲಿ 250 ವೋಲ್ಟಿಗೆ ಓಡುವಾಗ ನಷ್ಟ ಸುಮಾರು 5 ವೋಲ್ಟ್, ಅಂದರೆ ಶೇಕಡಾ 2. ಅದೇ ಎರಡು ಪ್ಯಾನೆಲನ್ನು ಸಮಾಂತರದಲ್ಲಿ ಜೋಡಿಸಿ 42 ವೋಲ್ಟಿಗೆ ತಂದರೆ ಹತ್ತು ವೋಲ್ಟಿಗೂ ಹೆಚ್ಚು ತಂತಿಯಲ್ಲೇ ಹೋಗುತ್ತದೆ. ದೂರದ ಜಾಗಕ್ಕೆ ಸರಣಿ ಜೋಡಣೆ, ಎಂಪಿಪಿಟಿ (ಪ್ಯಾನೆಲಿನಿಂದ ಗರಿಷ್ಠ ವಿದ್ಯುತ್ ಎಳೆಯುವ ನಿಯಂತ್ರಕ) ಇರಲೇಬೇಕು. ಸರಣಿಯಲ್ಲಿ ಆರು ಪ್ಯಾನೆಲಿಗೆ 300 ವೋಲ್ಟಿನ ಹತ್ತಿರ ಡಿಸಿ ಇರುತ್ತದೆ, ಬಿಸಿಲಿರುವವರೆಗೂ ಅದನ್ನು ಆರಿಸಲಾಗದು. ಜೋಡಣೆಯನ್ನು ತಿಳಿದವರೇ ಮಾಡಲಿ. ತಂತಿ ಎಲ್ಲೂ ನೇತಾಡದಂತೆ ಪೈಪಿನಲ್ಲಿ ಸಾಗಲಿ. ಮಂಗಗಳು ನೇತಾಡುವ ತಂತಿಯನ್ನು ಎಳೆಯದೆ ಬಿಡುವುದಿಲ್ಲ, ಇಲಿಗಳು ಕಡಿಯದೆ ಬಿಡುವುದಿಲ್ಲ.

ಏಪ್ರಿಲ್, ಮೇ ಸಿಡಿಲಿಗೆ ಅರ್ತಿಂಗ್ ಮುಖ್ಯ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಹೀರುವುದಿಲ್ಲ, ಸಿಡಿಲು ಬರುವುದೂ ಆಗಲೇ. ಬಚ್ಚಲ ನೀರು ಹೋಗುವ ಕಡೆ, ಸದಾ ತೇವವಿರುವಲ್ಲಿ ಗುಂಡಿ ತೆಗೆಯಿರಿ. ಬೇಸಿಗೆಯಲ್ಲಿ ಅಳೆದಾಗ 5 ಓಮ್‌ಗಿಂತ ಕಡಿಮೆ ಬರಬೇಕು. ಸಿಡಿಲಿನ ಸಲಾಕೆಗೆ ಬೇರೆಯದೇ ಗುಂಡಿ. ಡಿಸಿ, ಎಸಿ ಎರಡೂ ಕಡೆ ಎಸ್‌ಪಿಡಿ (ಸಿಡಿಲಿನಿಂದ ಏರುವ ವೋಲ್ಟೇಜನ್ನು ತಡೆಯುವ ಸಾಧನ) ಹಾಕಿಸಿ. ತಾಮ್ರದ ತಂತಿಯನ್ನು ಅಲ್ಯೂಮಿನಿಯಂ ಫ್ರೇಮಿಗೆ ನೇರ ಬಿಗಿಯಬೇಡಿ, ನಡುವೆ ತವರ ಲೇಪದ ಲಗ್ ಇರಲಿ.

ಸಬ್ಸಿಡಿಯ ವಿಷಯ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ನಿಗದಿಯಾಗಿದೆ. ಪ್ಯಾನೆಲಿನ ಸೆಲ್ಲೂ ದೇಶದಲ್ಲೇ ತಯಾರಾಗಿರಬೇಕು. ನೆಲದ ಸ್ಟ್ಯಾಂಡ್ ಅಥವಾ ಕೊಟ್ಟಿಗೆ ಆರಿಸಿಕೊಂಡವರು ಗುಂಡಿ ತೋಡುವ ಮೊದಲೇ ನಿಮ್ಮ ಮೆಸ್ಕಾಂ ಉಪವಿಭಾಗದಲ್ಲಿ ಜಾಗದ ಚಿತ್ರ ತೋರಿಸಿ ಒಪ್ಪಿಗೆ ಕೇಳಿ. ಬ್ಯಾಟರಿಯಿಲ್ಲದ ಗ್ರಿಡ್ ಸೋಲಾರ್ ಲೈನು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಊರಿನವರು ಬ್ಯಾಟರಿಯನ್ನೂ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರನ್ನೇ ನೋಡಿ.

ಯಾವಾಗ ಮಾಡಿಸಬೇಕು

ಫೆಬ್ರವರಿ, ಮಾರ್ಚ್ ಸರಿಯಾದ ಸಮಯ. ಅಡಿಕೆ ಕೆಲಸ ಮುಗಿದು ಆಳು ಸಿಗುತ್ತಾರೆ, ಹಂಚು ಒಣಗಿರುತ್ತದೆ. ಮಳೆಗಾಲದ ಮುಂಚೆ ಹೇಗೂ ಮಾಡು ಕೈಯಾಡಿಸುತ್ತೀರಿ, ಆ ಹಂಚಿನ ಕೆಲಸದವರನ್ನೇ ಸೋಲಾರಿನವರ ಜೊತೆ ಒಂದು ದಿನ ಇರಿಸಿಕೊಳ್ಳಿ. ಹಂಚು ತೆಗೆದು ಕೂರಿಸುವ ಕೈ ಅವರದು. ಅದೇ ಕಾರ್ಖಾನೆಯ ಗುರುತಿರುವ ಹಂಚು ಇಪ್ಪತ್ತಾದರೂ ಕೂಡಿಟ್ಟಿರಿ. ಬೇರೆ ಕಾರ್ಖಾನೆಯ ಹಂಚಿನ ಕೊಂಡಿ ಇದಕ್ಕೆ ಕೂರುವುದಿಲ್ಲ, ಸಂದು ಬಿಡುತ್ತದೆ.

ಮೊದಲ ಮಳೆ ಬಿದ್ದ ದಿನ ಅಟ್ಟ ಹತ್ತಿ ಪ್ರತಿ ಹುಕ್ಕಿನ ಕೆಳಗೆ ಟಾರ್ಚು ಬಿಟ್ಟು ನೋಡಿ. ದೀಪಾವಳಿಯ ಹೊತ್ತಿಗೆ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿ ನೋಡಿ, ಮರ ಮಳೆಗೆ ಉಬ್ಬಿ ಒಣಗುವಾಗ ಸ್ಕ್ರೂ ಸಡಿಲಾಗುತ್ತದೆ. ಪ್ಯಾನೆಲಿನ ಅಡಿಯ ದರಕನ್ನು ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿ ಎಳೆದು ತೆಗೆಯಿರಿ, ಕೆಳ ಅಂಚಿನ ಪಾಚಿಯನ್ನು ಮೆತ್ತನೆ ಬ್ರಷ್‌ನಿಂದ ಬೆಳಗಿನ ತಂಪಿನಲ್ಲಿ ಉಜ್ಜಿ. ಕಾದ ಗಾಜಿಗೆ ಬಾವಿಯ ತಣ್ಣೀರು ಹೊಯ್ಯಬೇಡಿ.